ಫ್ರೋಜನ್ ಶೋಲ್ಡರ್: ಚಿಕಿತ್ಸೆಯ ನೋವನ್ನು ತಗ್ಗಿಸುವುದು ಹೇಗೆ?

ಹೆಗಲಿನ ಕೀಲು ನೋಯುತ್ತಾ ಬಿಗಿದುಕೊಳ್ಳುವ ಕಾಯಿಲೆಯಾದ ಫ್ರೋಜನ್ ಶೋಲ್ಡರ್‌ನ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರು ಬಹಳ ಮಂದಿ. ಯಾಕೆಂದು ಕೇಳಿದರೆ ನೋವು ತಡೆಯಲಾಗಲಿಲ್ಲ ಎನ್ನುತ್ತಾರೆ. ಇಂಜೆಕ್ಷನ್ ಎಂದರೆ ಹೆದರಿಕೆ, ಫಿಸಿಯೋಥೆರಪಿ ಎಂದರೆ ಕೈ ಹಿಡಿದು ಜಗ್ಗುತ್ತಾರೆಂಬ ಭಯ, ಅರಿವಳಿಕೆ ಕೊಟ್ಟು ಹೆಗಲು ಬಿಡಿಸುತ್ತಾರೆಂದರೆ ಎಚ್ಚರವಾದ ಮೇಲಿನ ರಾತ್ರಿಯ ಚಿಂತೆ. ಈ ಭಯ ಸುಳ್ಳಲ್ಲ. ಉರಿಯೂತ ಹತ್ತಿದ ಹೆಗಲು ನಿಜಕ್ಕೂ ವಿಪರೀತ ನೋಯುತ್ತದೆ. ಆದರೆ ಚಿಕಿತ್ಸೆಯ ಹೊತ್ತಿನ ನೋವಿನಲ್ಲಿ ದೊಡ್ಡ ಪಾಲು ತಪ್ಪಿಸಬಹುದಾದದ್ದು. ಅದಕ್ಕೆ ನೋವು ಯಾವ ಪದರದಲ್ಲಿ, ಯಾವ ಹೊತ್ತಿನಲ್ಲಿ ಹುಟ್ಟುತ್ತದೆ ಎಂಬುದು ತಿಳಿದಿರಬೇಕು. ಚರ್ಮ ಚುಚ್ಚುವಾಗಿನ ನೋವು ಬೇರೆ, ಕೀಲಿನ ಚೀಲ ಹಿಗ್ಗುವಾಗಿನ ನೋವು ಬೇರೆ, ಎಲ್ಲ ಮುಗಿದು ಮನೆಗೆ ಬಂದ ಮೇಲೆ ಏಳುವ ನೋವು ಇನ್ನೂ ಬೇರೆ. ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕೀಲಿನ ಒಳಗೆ ಏನಾಗಿರುತ್ತದೆ

ಹೆಗಲಿನ ಕೀಲನ್ನು ಸುತ್ತುವರಿದು ಒಂದು ಚೀಲವಿದೆ, ವೈದ್ಯರು ಅದನ್ನು ಕ್ಯಾಪ್ಸೂಲ್ ಎನ್ನುತ್ತಾರೆ. ಕೈ ಇಳಿಬಿಟ್ಟಾಗ ಅದರ ಕೆಳಭಾಗ ಕಂಕುಳ ಕಡೆಗೆ ಸಡಿಲವಾಗಿ ಮಡಚಿಕೊಂಡಿರುತ್ತದೆ. ಕೈ ಮೇಲೆತ್ತಿದಂತೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆರೋಗ್ಯವಂತ ಹೆಗಲಿನಲ್ಲಿ ಈ ಚೀಲ ಹೆಚ್ಚುಕಡಿಮೆ 15ರಿಂದ 30 ಮಿ.ಲೀ. ದ್ರವ ಹಿಡಿಸಿಕೊಳ್ಳುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಅದು ದಪ್ಪಗಾಗಿ, ಮುದುಡಿ, ಎಷ್ಟೋ ಜನರಲ್ಲಿ 10 ಮಿ.ಲೀ. ಕೂಡ ಹಿಡಿಸದಂತಾಗುತ್ತದೆ. ಕೀಲಿನ ಮುಂಭಾಗದಲ್ಲಿ ಚೀಲದ ಮೇಲೆ ಹಾಯುವ ಕೊರಾಕೊಹ್ಯೂಮರಲ್ ಎಂಬ ಕಟ್ಟೂ ಗಟ್ಟಿಯಾಗುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆ ಎಲ್ಲಕ್ಕಿಂತ ಮೊದಲು ಮತ್ತು ಹೆಚ್ಚು ಕುಂಠಿತವಾಗುವುದು ಇದರಿಂದಲೇ.

ಗಟ್ಟಿಯಾಗುವುದೊಂದೇ ಆಗಿದ್ದರೆ ಇಷ್ಟು ನೋವಿರುತ್ತಿರಲಿಲ್ಲ. ಉರಿಯೂತವಿರುವ ಈ ಚೀಲದೊಳಗೆ ಹೊಸ ರಕ್ತನಾಳಗಳೂ ಅವುಗಳ ಜೊತೆಗೆ ಹೊಸ ನರತಂತುಗಳೂ ಬೆಳೆದಿರುವುದು ಅಂಗಾಂಶ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಾಗಾಗಿ ಸಾಮಾನ್ಯ ಹೆಗಲಿಗೆ ಏನೂ ಅನ್ನಿಸದ ಎಳೆತ ಈ ಹೆಗಲಿಗೆ ಕತ್ತಿಯಲ್ಲಿ ಇರಿದಂತಾಗುತ್ತದೆ. ರೋಗಿ ಅತಿಯಾಗಿ ಹೇಳುತ್ತಿದ್ದಾರೆ ಎಂದುಕೊಳ್ಳುವ ಚಿಕಿತ್ಸಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಈ ನೋವನ್ನು ಮಿದುಳಿಗೆ ಒಯ್ಯುವುದು ಒಂದೇ ನರವಲ್ಲ. ಕೀಲಿನ ಸಂವೇದನೆಯ ಸುಮಾರು ಶೇ. 70ರಷ್ಟನ್ನು ಹೊರುವುದು ಸುಪ್ರಾಸ್ಕಾಪ್ಯುಲರ್ ನರ. ಇದು ಕುತ್ತಿಗೆಯ ಸಿ5, ಸಿ6 ಬೇರುಗಳಿಂದ ಹೊರಟು, ಹೆಗಲ ಹಲಗೆಯ ಮೇಲಂಚಿನ ಸಣ್ಣ ಕಚ್ಚಿನೊಳಗೆ ನುಸುಳಿ, ಕೀಲಿನ ಹಿಂಭಾಗಕ್ಕೂ ಮೇಲ್ಭಾಗಕ್ಕೂ ಕವಲು ಕೊಡುತ್ತದೆ. ಉಳಿದದ್ದು ಮುಖ್ಯವಾಗಿ ಕಂಕುಳ ನರ ಹಾಗೂ ಎದೆಯ ಕಡೆಯಿಂದ ಬರುವ ಲ್ಯಾಟರಲ್ ಪೆಕ್ಟೋರಲ್ ನರದ ಪಾಲು. ನರದ ಬ್ಲಾಕ್, ಅಂದರೆ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಕೊಟ್ಟ ಮೇಲೂ ಮುಂಭಾಗ ಅಥವಾ ಕಂಕುಳ ಕಡೆ ನೋವು ಉಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಕಾಯಿಲೆಗೆ ಹಂತಗಳಿವೆ. ಮೊದಲ ಕೆಲವು ತಿಂಗಳು ನೋವೇ ಪ್ರಧಾನ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಆಮೇಲೆ ನೋವು ಇಳಿದು ಬಿಗಿತ ಉಳಿಯುತ್ತದೆ. ಕೊನೆಗೆ ಬಿಗಿತವೂ ನಿಧಾನವಾಗಿ ಸಡಿಲುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು. ಮಧುಮೇಹಿಗಳಲ್ಲಿ ಇದು ಹೆಚ್ಚು ಬರುತ್ತದೆ, ಹೆಚ್ಚು ಹಟ ಹಿಡಿಯುತ್ತದೆ. ನೋವಿನ ಹಂತದಲ್ಲಿ ಉರಿಯೂತ ಇಳಿಸಬೇಕು, ಬಿಗಿತದ ಹಂತದಲ್ಲಿ ಹಿಗ್ಗಿಸಬೇಕು. ಇದನ್ನು ತಿರುವುಮುರುವು ಮಾಡಿದಾಗಲೇ ಚಿಕಿತ್ಸೆ ಹಿಂಸೆಯಾಗುವುದು.

ಹೋಗುವ ಮೊದಲೇ ಆಗಬೇಕಾದದ್ದು

ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ನುಂಗುವುದಕ್ಕಿಂತ ಬರುವ ಮುನ್ನ ನುಂಗಿದರೆ ಫಲ ಹೆಚ್ಚು. ಇಂಜೆಕ್ಷನ್ನಿಗಾಗಲಿ ಫಿಸಿಯೋಥೆರಪಿಗಾಗಲಿ ಹೋಗುವ 45 ನಿಮಿಷದಿಂದ ಒಂದು ಗಂಟೆ ಮುಂಚೆ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಕೈ ಮುಟ್ಟುವ ಹೊತ್ತಿಗೆ ಅದು ಕೆಲಸ ಶುರುಮಾಡಿರುತ್ತದೆ. ವಯಸ್ಕರಿಗೆ ಒಂದು ಸಲಕ್ಕೆ 500 ಮಿ.ಗ್ರಾಂನಿಂದ 1 ಗ್ರಾಂ. ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆಯಿದ್ದವರು, ಯಕೃತ್ತಿನ ತೊಂದರೆಯವರು, ನಿತ್ಯ ಮದ್ಯ ಸೇವಿಸುವವರು ಇನ್ನೂ ಕೆಳಗೇ ನಿಲ್ಲಬೇಕು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್‌ನಂತಹ ಉರಿಯೂತ ಇಳಿಸುವ ಮಾತ್ರೆಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಬಹುದು. ಆದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡದ ಕಾಯಿಲೆ, ಹೃದಯ ವೈಫಲ್ಯ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಅವು ಅಪಾಯಕಾರಿ. ವೈದ್ಯರನ್ನು ಕೇಳದೆ ಬೇಡ.

ವೈದ್ಯರಿಗೆ ಮೊದಲೇ ಹೇಳಬೇಕಾದ ಸಂಗತಿಗಳಿವೆ: ಸಕ್ಕರೆ ಕಾಯಿಲೆ ಇದೆಯೇ, ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಎಷ್ಟು, ರಕ್ತ ತೆಳುವಾಗಿಸುವ ಮಾತ್ರೆ ಯಾವುದು, ಹಿಂದೆ ಯಾವುದಾದರೂ ಅರಿವಳಿಕೆಗೆ ಅಲರ್ಜಿಯಾಗಿತ್ತೇ, ಸೂಜಿ ಕಂಡರೆ ತಲೆಸುತ್ತಿ ಬೀಳುವ ಅಭ್ಯಾಸವಿದೆಯೇ. ಕೊನೆಯದನ್ನು ನಾಚಿಕೆಯಿಂದ ಮುಚ್ಚಿಡುವವರು ಹೆಚ್ಚು. ಹೇಳಿದರೆ ಕೂರಿಸುವ ಬದಲು ಮಲಗಿಸಿಯೇ ಇಂಜೆಕ್ಷನ್ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಕೀಲಿನೊಳಗಿನ ಸ್ಟಿರಾಯ್ಡ್ ಇಂಜೆಕ್ಷನ್

ನೋವಿನ ಹಂತದಲ್ಲಿ ಕಡಿಮೆ ಕಷ್ಟಕ್ಕೆ ಹೆಚ್ಚು ಫಲ ಕೊಡುವುದು ಇದೇ. ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ 40 ಮಿ.ಗ್ರಾಂ., ಅದರ ಜೊತೆ ಕೆಲವು ಮಿ.ಲೀ. ಲಿಗ್ನೊಕೇನ್ ಎಂಬ ಅರಿವಳಿಕೆ ಔಷಧಿ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು; ಬಿಗಿತವೊಂದೇ ಉಳಿದ ಮೇಲೆ ಕೊಟ್ಟರೆ ಲಾಭ ತೀರಾ ಕಡಿಮೆ.

ಇಲ್ಲಿ ನೋವಿನ ಮೊದಲ ಕಾರಣ ಚರ್ಮ. ಅರಿವಳಿಕೆ ಮುಲಾಮು, ಅಂದರೆ ಲಿಗ್ನೊಕೇನ್ 2.5% ಮತ್ತು ಪ್ರಿಲೊಕೇನ್ 2.5% ಸೇರಿದ್ದು, ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ಗಂಟೆ ಬಿಟ್ಟರೆ ಸುಮಾರು 3 ಮಿ.ಮೀ. ಆಳದವರೆಗೆ ಮರಗಟ್ಟುತ್ತದೆ. ಹತ್ತು ನಿಮಿಷಕ್ಕೆ ಒರೆಸಿಬಿಟ್ಟರೆ ಹಚ್ಚಿದ್ದೇ ದಂಡ. ಅಷ್ಟು ಸಮಯವಿಲ್ಲದಿದ್ದರೆ ಈಥೈಲ್ ಕ್ಲೋರೈಡ್ ತಂಪು ಸ್ಪ್ರೇ ಕೆಲವೇ ಸೆಕೆಂಡಿನಲ್ಲಿ ಕೆಲಸ ಮಾಡುತ್ತದೆ. ಆದರೆ ಅದರ ಪರಿಣಾಮ ಒಂದು ನಿಮಿಷದೊಳಗೇ ಮುಗಿಯುವುದರಿಂದ ಸ್ಪ್ರೇ ಮಾಡಿದ ಕೂಡಲೇ ಚುಚ್ಚಬೇಕು. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಒಂದೆರಡು ನಿಮಿಷ ಒತ್ತಿಟ್ಟರೂ ನಡೆಯುತ್ತದೆ. ಇವೆಲ್ಲ ಚರ್ಮಕ್ಕೆ ಮಾತ್ರ, ಚೀಲದವರೆಗೆ ಯಾವುದೂ ಇಳಿಯುವುದಿಲ್ಲ.

ಕ್ರಿಮಿನಾಶಕ ಒಣಗುವವರೆಗೆ ಕಾಯುವುದು ಸೋಂಕು ತಡೆಯಲಿಕ್ಕೆ ಎಂಬುದು ಎಲ್ಲರಿಗೂ ಗೊತ್ತು. ನೋವಿಗೂ ಅದಕ್ಕೂ ಸಂಬಂಧವಿದೆ. ಸ್ಪಿರಿಟ್ ಹಸಿಯಿರುವಾಗಲೇ ಚುಚ್ಚಿದರೆ ಸೂಜಿ ಅದನ್ನು ಒಳಕ್ಕೆ ಒಯ್ದು ಚುರ್ ಎನ್ನಿಸುತ್ತದೆ. ಅರ್ಧ ನಿಮಿಷ ಕಾದರೆ ಆ ಉರಿ ಇಲ್ಲ.

ಮುಂದಿನದು ಚರ್ಮದಡಿಯ ಲಿಗ್ನೊಕೇನ್. ಚುಚ್ಚುವುದಕ್ಕಿಂತ ಔಷಧಿ ಒಳಹೋಗುವಾಗ ಹೆಚ್ಚು ಉರಿಯುತ್ತದೆ, ಏಕೆಂದರೆ ಆ ದ್ರಾವಣ ಆಮ್ಲೀಯ. ಅಡ್ರಿನಲಿನ್ ಬೆರೆಸಿದ್ದರೆ ಇನ್ನೂ ಹೆಚ್ಚು. 1% ಲಿಗ್ನೊಕೇನ್ 10 ಮಿ.ಲೀ.ಗೆ 8.4% ಸೋಡಿಯಂ ಬೈಕಾರ್ಬೊನೇಟ್ 1 ಮಿ.ಲೀ. ಸೇರಿಸಿದರೆ ಆಮ್ಲೀಯತೆ ತಗ್ಗಿ ಉರಿ ಗಣನೀಯವಾಗಿ ಇಳಿಯುತ್ತದೆ. ಸೇರಿಸಿದ್ದನ್ನು ಕೂಡಲೇ ಬಳಸಬೇಕು. ಹೆಚ್ಚು ಹೊತ್ತು ಕೆಲಸ ಮಾಡುವ ಅರಿವಳಿಕೆಗಳಾದ ಬುಪಿವಕೇನ್‌ಗೂ ರೋಪಿವಕೇನ್‌ಗೂ ಇದೇ ಪ್ರಮಾಣದಲ್ಲಿ ಬೆರೆಸಿದರೆ ಹರಳುಗಟ್ಟಿ ಕೆಡುತ್ತದೆ, ಹಾಗೆ ಮಾಡಬಾರದು. ಶೀಶೆಯನ್ನು ಫ್ರಿಜ್‌ನಿಂದ ತೆಗೆದ ಹಾಗೇ ಬಳಸದೆ ಮೈಯ ಶಾಖಕ್ಕೆ ತಂದುಕೊಳ್ಳುವುದು, 27 ಅಥವಾ 30 ಗೇಜ್‌ನ ಸಣ್ಣ ಸೂಜಿ, ಬಹಳ ನಿಧಾನವಾಗಿ ತಳ್ಳುವುದು: ಖರ್ಚಿಲ್ಲದ ಈ ಮೂರೂ ಕೆಲಸ ಮಾಡುತ್ತವೆ.

ಆಮೇಲೆ ಕಾಯಬೇಕು. ಎರಡು ನಿಮಿಷ. ನಮ್ಮ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವುದು ಈ ಕಾಯುವಿಕೆಯೇ. ಅರಿವಳಿಕೆ ಹಾಕಿದ ಹತ್ತನೇ ಸೆಕೆಂಡಿಗೆ ದಪ್ಪ ಸೂಜಿ ಇಳಿಸಿದರೆ ರೋಗಿಗೆ ಎರಡೂ ಚುಚ್ಚು ನೋಯುತ್ತವೆ, ಅರಿವಳಿಕೆ ಬೇಡವೇ ಬೇಡವಾಗಿತ್ತು ಎನ್ನಿಸುತ್ತದೆ.

ಕೀಲಿಗೆ ಹೋಗುವ ದಾರಿ ಹೆಚ್ಚಾಗಿ ಹಿಂದಿನಿಂದ. ಹೆಗಲ ಮೇಲಿನ ಮೂಳೆಯ ಚಾವಣಿಯ ಹಿಂಬದಿ ಮೂಲೆಯನ್ನು ಬೆರಳಿನಿಂದ ಗುರುತಿಸಿ, ಅಲ್ಲಿಂದ ಸುಮಾರು 2 ಸೆಂ.ಮೀ. ಕೆಳಗೆ, 1 ಸೆಂ.ಮೀ. ಒಳಗೆ, ಮುಂಭಾಗದ ಕೊರಾಕಾಯ್ಡ್ ಮೂಳೆಯತ್ತ ಗುರಿಯಿಟ್ಟು ಸೂಜಿ ಸಾಗುತ್ತದೆ. ನೋಯುವ ಕೈಯನ್ನು ಎದೆಯ ಮೇಲೆ ಹಾಯಿಸಿ, ಮಡಿಲಲ್ಲಿಟ್ಟ ದಿಂಬಿನ ಮೇಲೆ ಒರಗಿಸಿದರೆ ಹಿಂಭಾಗದ ಕೀಲಸಂದು ತೆರೆದುಕೊಳ್ಳುತ್ತದೆ, ಸ್ನಾಯುಗಳೂ ಸಡಿಲಾಗುತ್ತವೆ. ದಿಂಬಿಲ್ಲದೆ ರೋಗಿಯೇ ಕೈ ಹಿಡಿದುಕೊಂಡಿದ್ದರೆ ಹೆಗಲಿನ ಸ್ನಾಯು ಬಿಗಿದು ಸೂಜಿಯ ದಾರಿಯೂ ನೋಯುತ್ತದೆ, ಕೀಲೂ ಸಿಗುವುದಿಲ್ಲ.

ಸೂಜಿಯ ತುದಿ ಎಲ್ಲಿದೆ ಎಂದು ಸಿರಿಂಜ್ ತಳ್ಳುವ ವೈದ್ಯರ ಹೆಬ್ಬೆರಳೇ ಹೇಳುತ್ತದೆ. ಕೀಲಿನೊಳಗಿದ್ದರೆ ಮೊದಲ ಮಿ.ಲೀ. ಸಲೀಸಾಗಿ ಹರಿಯುತ್ತದೆ. ಪಿಸ್ಟನ್ ಆರಂಭದಲ್ಲೇ ಗಟ್ಟಿಯಾಗಿ ನಿಂತರೆ ತುದಿ ಸ್ನಾಯುರಜ್ಜಿನಲ್ಲೋ ಮೃದ್ವಸ್ಥಿಯಲ್ಲೋ ಹೂತಿದೆ ಎಂದರ್ಥ. ಆಗ ಬಲ ಹಾಕಿ ತಳ್ಳಿದರೆ ವಿಪರೀತ ನೋವು, ಅಂಗಾಂಶಕ್ಕೆ ಹಾನಿ. ಒಂದೆರಡು ಮಿ.ಮೀ. ಹಿಂದೆಳೆದು, ಸೂಜಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡಬೇಕು. ಫ್ರೋಜನ್ ಶೋಲ್ಡರ್‌ನಲ್ಲಿ ಇನ್ನೊಂದು ತೊಡಕಿದೆ: ಚೀಲವೇ ಪುಟ್ಟದಾದ್ದರಿಂದ ಐದಾರು ಮಿ.ಲೀ. ಆಗುವಷ್ಟರಲ್ಲಿ ಸರಿಯಾದ ಜಾಗದಲ್ಲಿದ್ದರೂ ಎದುರೊತ್ತಡ ಬರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಕೊಟ್ಟರೆ ಈ ಗೊಂದಲವಿಲ್ಲ, ಹುಡುಕಾಟದ ಚುಚ್ಚುಗಳೂ ತಪ್ಪುತ್ತವೆ.

ಲಿಗ್ನೊಕೇನ್ ಇಳಿದ ಮೇಲೆ, ಅಂದರೆ ಒಂದೆರಡು ಗಂಟೆಯ ನಂತರ, ನೋವು ಮರಳುತ್ತದೆ. ಕೆಲವರಲ್ಲಿ ಸ್ಟಿರಾಯ್ಡ್‌ನ ಹರಳುಗಳು ಕೀಲನ್ನು ಕೆರಳಿಸಿ ಮೊದಲ ಒಂದೆರಡು ದಿನ ನೋವು ಮುಂಚಿಗಿಂತ ಜಾಸ್ತಿಯಾಗುವುದೂ ಉಂಟು. ಇದನ್ನು ಮೊದಲೇ ಹೇಳದಿದ್ದರೆ ಇಂಜೆಕ್ಷನ್ ಕೆಟ್ಟಿತು ಎಂದು ರೋಗಿ ಗಾಬರಿಯಾಗುತ್ತಾರೆ. ಹದಿನೈದು ನಿಮಿಷದ ಐಸ್, ಪ್ಯಾರಾಸಿಟಮಾಲ್, ಭಾರ ಎತ್ತದಿರುವುದು ಸಾಕು. ಸ್ಟಿರಾಯ್ಡ್‌ನ ನಿಜವಾದ ಪರಿಣಾಮ ಕೆಲವು ದಿನಗಳಲ್ಲಿ ಕಾಣಿಸುತ್ತದೆ. ಮಧುಮೇಹಿಗಳಲ್ಲಿ ಸಕ್ಕರೆ ಕೆಲವು ದಿನ, ಕೆಲವೊಮ್ಮೆ ಒಂದು ವಾರದವರೆಗೂ ಏರಿರುತ್ತದೆ. ದಿನಕ್ಕೆರಡು ಬಾರಿಯಾದರೂ ಪರೀಕ್ಷಿಸಿಕೊಳ್ಳಬೇಕು, ಇನ್ಸುಲಿನ್ ಪ್ರಮಾಣ ಬದಲಿಸಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಹೈಡ್ರೋಡೈಲಟೇಶನ್: ದ್ರವದಿಂದ ಹಿಗ್ಗಿಸುವುದು

ಇಲ್ಲಿ ಸಲೈನ್, ಸ್ಟಿರಾಯ್ಡ್, ಲಿಗ್ನೊಕೇನ್ ಸೇರಿಸಿ ಒಟ್ಟು 20ರಿಂದ 40 ಮಿ.ಲೀ.ವರೆಗೆ ಚೀಲದೊಳಗೆ ತುಂಬಿ ಅದನ್ನು ಒಳಗಿನಿಂದಲೇ ಹಿಗ್ಗಿಸುತ್ತಾರೆ. 10 ಮಿ.ಲೀ.ಗೂ ಜಾಗವಿಲ್ಲದ ಚೀಲಕ್ಕೆ ಇಷ್ಟು ತುಂಬುವುದೆಂದರೆ ನೋಯದೆ ಇರದು. ಹೆಗಲಿನ ಆಳದಲ್ಲಿ ಶುರುವಾಗುವ ಭಾರವಾದ ನೋವು ತೋಳಿನ ಹೊರಮಗ್ಗುಲಲ್ಲಿ ಮೊಣಕೈವರೆಗೂ ಇಳಿಯುತ್ತದೆ. ಸೂಜಿ ಎಲ್ಲೋ ತಪ್ಪು ಜಾಗಕ್ಕೆ ತಾಗಿತು ಎಂದು ಹೆದರಬೇಕಿಲ್ಲ. ಅದು ಹಿಗ್ಗುತ್ತಿರುವ ಚೀಲದ ನೋವು.

ಇದನ್ನು ತಗ್ಗಿಸುವ ಕೀಲಿಕೈ ಕ್ರಮ ಮತ್ತು ವೇಗ. ಮೊದಲು ಕೀಲಿನೊಳಗೆ ಲಿಗ್ನೊಕೇನ್ ಮಾತ್ರ ಹಾಕಿ ಐದು ನಿಮಿಷ ಬಿಟ್ಟರೆ ಚೀಲದ ಒಳಪದರ ಮರಗಟ್ಟುತ್ತದೆ. ಎಲ್ಲವನ್ನೂ ಒಂದೇ ಸಿರಿಂಜ್‌ನಲ್ಲಿ ಬೆರೆಸಿ ಒಟ್ಟಿಗೇ ತಳ್ಳಿದರೆ ಅರಿವಳಿಕೆ ಕೆಲಸ ಶುರುಮಾಡುವ ಮೊದಲೇ ಹಿಗ್ಗುವಿಕೆ ಮುಗಿದಿರುತ್ತದೆ. ಆಮೇಲೆ ಸಲೈನ್ ಅನ್ನು ಒಂದು ಸಲಕ್ಕೆ 3ರಿಂದ 5 ಮಿ.ಲೀ.ಯಂತೆ, ನಡುವೆ ಅರ್ಧ ನಿಮಿಷ ಬಿಡುವು ಕೊಟ್ಟು ತುಂಬಬೇಕು. ಬಿಡುವಿನಲ್ಲಿ ಅಂಗಾಂಶ ತುಸು ಸಡಿಲುತ್ತದೆ, ಒತ್ತಡ ಇಳಿಯುತ್ತದೆ, ಅದೇ ಪ್ರಮಾಣದ ಮುಂದಿನ ಕಂತು ಕಡಿಮೆ ನೋವಿಗೆ ಹೋಗುತ್ತದೆ. ಹೆಬ್ಬೆರಳು ಬಿಟ್ಟಾಗ ಪಿಸ್ಟನ್ ತಾನಾಗಿ ಹಿಂದೆ ಸರಿದರೆ ಒಳಗೆ ಒತ್ತಡ ಚೆನ್ನಾಗಿಯೇ ಏರಿದೆ ಎಂದು ತಿಳಿಯಬೇಕು.

ಒಂದು ಹಂತದಲ್ಲಿ ಎದುರೊತ್ತಡ ಥಟ್ಟನೆ ಮಾಯವಾಗಿ ದ್ರವ ಸರಾಗವಾಗಿ ಹೋಗತೊಡಗಬಹುದು. ಚೀಲ ಎಲ್ಲೋ ಒಂದು ಕಡೆ ಸೀಳಿತು ಎಂಬುದರ ಸೂಚನೆ ಅದು. ಆಮೇಲೆ ಎಷ್ಟು ತುಂಬಿದರೂ ಚೀಲ ಹಿಗ್ಗುವುದಿಲ್ಲ, ದ್ರವ ಸುತ್ತಲಿನ ಸ್ನಾಯುಗಳ ನಡುವೆ ಹರಡುತ್ತದೆ, ಅಷ್ಟೇ. ಚೀಲ ಸೀಳಲೇಬೇಕು ಎಂಬ ಹಟ ಬೇಡ ಎನ್ನುವುದು ನಮ್ಮ ನಿಲುವು. ಸೀಳುವ ಮುನ್ನವೇ ನಿಲ್ಲಿಸಿದರೂ ಪ್ರಯೋಜನ ಸಿಗುತ್ತದೆ, ನೋವೂ ಕಡಿಮೆ.

ನಿಲ್ಲಿಸಿ ಎಂದು ಹೇಳುವ ಹಕ್ಕು ರೋಗಿಗಿರಬೇಕು. ಶುರುವಿಗೆ ಮುನ್ನ ಒಂದು ಸಂಜ್ಞೆ ಮಾತಾಡಿಕೊಳ್ಳಿ: ಹತ್ತರ ಅಳತೆಯಲ್ಲಿ ನೋವು ಏಳು ಮುಟ್ಟಿದರೆ ಇನ್ನೊಂದು ಕೈಯ ಬೆರಳೆತ್ತುವುದು, ಎತ್ತಿದ ಕೂಡಲೇ ಪಿಸ್ಟನ್ ನಿಲ್ಲುವುದು. ತನ್ನ ಕೈಯಲ್ಲಿ ತಡೆ ಇದೆ ಎಂದು ಗೊತ್ತಿದ್ದವರ ಸ್ನಾಯುಗಳು ಬಿಗಿಯುವುದಿಲ್ಲ. ಉಸಿರನ್ನು ಬಿಗಿಹಿಡಿಯದೆ, ದ್ರವ ಹೋಗುವಾಗ ಬಾಯಿಂದ ಉದ್ದಕ್ಕೆ ಬಿಡುವುದೂ ನೆರವಾಗುತ್ತದೆ. ಸೌಲಭ್ಯವಿದ್ದಲ್ಲಿ ಆಮ್ಲಜನಕ ಮತ್ತು ನೈಟ್ರಸ್ ಆಕ್ಸೈಡ್‌ನ ಅರ್ಧಕ್ಕರ್ಧ ಮಿಶ್ರಣವನ್ನು ರೋಗಿಯೇ ಮಾಸ್ಕ್ ಹಿಡಿದು ಸೇದಬಹುದು. ಕೆಲವು ನಿಮಿಷಗಳಲ್ಲಿ ಅದರ ಅಮಲು ಇಳಿಯುತ್ತದೆ.

ನರದ ಬ್ಲಾಕ್

ಹೈಡ್ರೋಡೈಲಟೇಶನ್ ಅಥವಾ ಗಟ್ಟಿ ಫಿಸಿಯೋಥೆರಪಿಗೆ ಮೊದಲು ಸುಪ್ರಾಸ್ಕಾಪ್ಯುಲರ್ ನರವನ್ನು ಮರಗಟ್ಟಿಸಿದರೆ ಚೀಲದ ನೋವಿನ ದೊಡ್ಡ ಪಾಲು ಹೋಗುತ್ತದೆ. ಹೆಗಲ ಹಲಗೆಯ ಮೇಲಿನ ತಗ್ಗಿನಲ್ಲಿ, ಅಲ್ಟ್ರಾಸೌಂಡ್‌ನ ನೆರವಿನಿಂದ, 5ರಿಂದ 10 ಮಿ.ಲೀ. ಬುಪಿವಕೇನ್ ಅಥವಾ ರೋಪಿವಕೇನ್ ಕೊಡುತ್ತಾರೆ. ಪೂರ್ತಿ ಹಿಡಿಯಲು 15ರಿಂದ 30 ನಿಮಿಷ ಬೇಕು. ಇಲ್ಲೂ ಕಾಯದಿದ್ದರೆ ಬ್ಲಾಕ್ ವ್ಯರ್ಥ. ಶ್ವಾಸಕೋಶ ಅಲ್ಲಿಂದ ದೂರವಿಲ್ಲದ ಕಾರಣ ಸೂಜಿ ಆಳಕ್ಕೆ ಹೋದರೆ ಎದೆಗೂಡಿನೊಳಗೆ ಗಾಳಿ ಸೇರುವ ಅಪಾಯ ಅಪರೂಪಕ್ಕಾದರೂ ಇದೆ. ಬ್ಲಾಕ್ ಆದ ಮೇಲೆ ಉಸಿರಾಡುವಾಗ ಎದೆ ಚುಚ್ಚಿದರೆ, ಏದುಸಿರು ಬಂದರೆ ತಕ್ಷಣ ಹೇಳಬೇಕು.

ಬ್ಲಾಕ್, ಚರ್ಮ, ಕೀಲು ಹೀಗೆ ಮೂರು ಕಡೆ ಅರಿವಳಿಕೆ ಹೋಗುವಾಗ ಒಟ್ಟು ಲೆಕ್ಕವನ್ನು ಒಬ್ಬರು ಇಟ್ಟುಕೊಳ್ಳಲೇಬೇಕು. 1% ಲಿಗ್ನೊಕೇನ್‌ನ ಪ್ರತಿ ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಇದೆ. ಅಡ್ರಿನಲಿನ್ ಇಲ್ಲದೆ ಬಳಸುವಾಗ ಪ್ರತಿ ಕಿಲೋ ತೂಕಕ್ಕೆ 3 ಮಿ.ಗ್ರಾಂ. ಎಂಬ ಎಚ್ಚರಿಕೆಯ ಮಿತಿ ಇಟ್ಟುಕೊಂಡರೆ 60 ಕಿಲೋ ತೂಕದವರಿಗೆ 180 ಮಿ.ಗ್ರಾಂ., ಅಂದರೆ 18 ಮಿ.ಲೀ. ಇದೇ ಔಷಧಿಯ 2% ಶೀಶೆಯಾದರೆ 9 ಮಿ.ಲೀ.ಗೇ ಅದು ಮುಗಿಯಿತು. ಬುಪಿವಕೇನ್‌ಗೆ ಮಿತಿ ಕಿಲೋಗೆ 2 ಮಿ.ಗ್ರಾಂ. ಎರಡೂ ಬಳಸಿದರೆ ಎರಡರ ವಿಷಪರಿಣಾಮ ಕೂಡಿಕೊಳ್ಳುತ್ತದೆ; ಒಂದೊಂದಕ್ಕೂ ಪೂರ್ತಿ ಮಿತಿ ಇದೆ ಎಂದುಕೊಳ್ಳಬಾರದು. ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಶಬ್ದ, ಇವು ಔಷಧಿ ರಕ್ತದಲ್ಲಿ ಹೆಚ್ಚಾಗಿರುವುದರ ಮೊದಲ ಸುಳಿವು. ಕೂಡಲೇ ನಿಲ್ಲಿಸಬೇಕು. ಇಂತಹ ಬ್ಲಾಕ್ ಕೊಡುವ ಜಾಗದಲ್ಲಿ ಈ ವಿಷಪರಿಣಾಮಕ್ಕೆ ಮದ್ದಾದ 20% ಲಿಪಿಡ್ ಎಮಲ್ಷನ್ ಕೈಗೆ ಸಿಗುವಂತಿರಬೇಕು.

ಫಿಸಿಯೋಥೆರಪಿ: ಎಳೆದಷ್ಟೂ ಒಳ್ಳೆಯದಲ್ಲ

ನೋಯದೆ ಬಿಡಿಸಲಾಗದು ಎಂಬ ನಂಬಿಕೆಯಿಂದ ಆಗಿರುವ ಹಾನಿ ಸಣ್ಣದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 77 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ನೋವಿನ ಗೆರೆ ದಾಟಿಸುವ ಗಟ್ಟಿ ಹಿಗ್ಗಿಸುವಿಕೆ, ಇನ್ನೊಂದಕ್ಕೆ ನೋವಿನ ಮಿತಿಯೊಳಗಿನ ಸೌಮ್ಯ ವ್ಯಾಯಾಮ ಕೊಟ್ಟಿದ್ದರು. ಎರಡು ವರ್ಷದ ಹೊತ್ತಿಗೆ ಸೌಮ್ಯ ಗುಂಪಿನ ಶೇ. 89 ಮಂದಿ ಬಹುತೇಕ ಸಹಜ ಹೆಗಲನ್ನು ಮರಳಿ ಪಡೆದಿದ್ದರು, ಗಟ್ಟಿ ಗುಂಪಿನಲ್ಲಿ ಶೇ. 63 ಮಂದಿ ಮಾತ್ರ. ಉರಿಯೂತವಿರುವ ಚೀಲವನ್ನು ಕಿತ್ತಷ್ಟೂ ಅದು ಮತ್ತೆ ಕೆರಳುತ್ತದೆ. ನೋವಿನ ಭಯದಿಂದ ಸುತ್ತಲ ಸ್ನಾಯು ಬಿಗಿದುಕೊಂಡು ಚಲನೆಯನ್ನು ಇನ್ನಷ್ಟು ತಡೆಯುತ್ತದೆ.

ಎಷ್ಟು ಬಲ ಎಂಬುದನ್ನು ಹೆಗಲಿನ ಕೆರಳಿಕೆ ನೋಡಿ ನಿರ್ಧರಿಸಬೇಕು. ನೋವು ಹತ್ತಕ್ಕೆ ಏಳು ಅಥವಾ ಹೆಚ್ಚಿದ್ದು ರಾತ್ರಿ ನಿದ್ದೆ ಕೆಡುತ್ತಿದ್ದರೆ ಅದು ತೀರಾ ಕೆರಳಿದ ಹೆಗಲು. ಅಲ್ಲಿ ಚಲನೆಯ ಕೊನೆಯವರೆಗೆ ಹೋಗದ ಹಗುರ ಜಾರಿಸುವಿಕೆ, ಮೇಜಿನ ಮೇಲೆ ಕೈ ಸರಿಸುವುದು, ಬಾಗಿ ನಿಂತು ಕೈಯನ್ನು ಲೋಲಕದಂತೆ ತೂಗುವುದು, ಒಂದರಿಂದ ಐದು ಸೆಕೆಂಡಿನ ಚಿಕ್ಕ ಹಿಗ್ಗಿಸುವಿಕೆ, ಇಷ್ಟೇ. ನಾಲ್ಕರಿಂದ ಆರರ ನಡುವೆ ಇದ್ದರೆ ಬಿಗಿತ ತಾಗುವವರೆಗೆ ಹೋಗಿ ಮರಳಬಹುದು. ಮೂರಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದು ಬಿಗಿತ ಮಾತ್ರ ಉಳಿದಾಗ ಚಲನೆಯ ಕೊನೆಯಲ್ಲಿ ಹಿಡಿದು ನಿಲ್ಲಿಸುವ, ದೀರ್ಘ ಹೊತ್ತಿನ ಹಿಗ್ಗಿಸುವಿಕೆಗೆ ಅರ್ಥವಿದೆ. ಅಲ್ಲೂ ಹೆಚ್ಚು ಬಲ ಸ್ವಲ್ಪ ಹೊತ್ತು ಹಾಕುವುದಕ್ಕಿಂತ ಕಡಿಮೆ ಬಲ ಹೆಚ್ಚು ಹೊತ್ತು ಹಾಕುವುದು ಲೇಸು.

ಹಿಗ್ಗಿಸುವ ಮೊದಲು ಹತ್ತು ಹದಿನೈದು ನಿಮಿಷ ಬಿಸಿ ಪ್ಯಾಕ್ ಇಟ್ಟರೆ ಸ್ನಾಯು ಸಡಿಲುತ್ತದೆ. ಚಿಕಿತ್ಸಕರು ರೋಗಿಯ ತೋಳಿನ ಪೂರ್ತಿ ಭಾರವನ್ನು ತಮ್ಮ ಮೇಲೆ ತೆಗೆದುಕೊಂಡು, ಕೀಲಿಗೆ ಹತ್ತಿರದಲ್ಲಿ ಹಿಡಿಯಬೇಕು. ಮಣಿಕಟ್ಟು ಹಿಡಿದು ಎತ್ತಿದರೆ ಉದ್ದನೆಯ ಸನ್ನೆಯಾಗಿ ಕೀಲಿನ ಮೇಲೆ ಅಂದಾಜಿಲ್ಲದಷ್ಟು ಬಲ ಬೀಳುತ್ತದೆ. ಕೈಯನ್ನು ಹೊರಕ್ಕೆ ತಿರುಗಿಸುವ ಚಲನೆ ಬೇಕಿದ್ದರೂ ತೋಳಿನ ಮೂಳೆಯ ತಲೆಯನ್ನು ಹಿಂದಕ್ಕೆ ಜಾರಿಸುವುದೇ ಮುಂದಕ್ಕೆ ಜಾರಿಸುವುದಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಕೀಲಿನ ಮುಂಭಾಗದ ನೋಯುವ ಚೀಲಕ್ಕೆ ನೇರ ಎಳೆತವೂ ತಪ್ಪುತ್ತದೆ. ನೋವಿನ ಹಂತದಲ್ಲಿ ರಾಟೆಗೆ ಹಗ್ಗ ಕಟ್ಟಿ ಇನ್ನೊಂದು ಕೈಯಿಂದ ಜಗ್ಗುವ ವ್ಯಾಯಾಮವನ್ನು ನಾವು ಸಲಹೆ ಮಾಡುವುದಿಲ್ಲ. ಗುರಿ ಮುಟ್ಟುವ ಹುರುಪಿನಲ್ಲಿ ಮಿತಿ ಮೀರುವುದು ಅದರಲ್ಲಿ ಬಲು ಸುಲಭ.

ವ್ಯಾಯಾಮ ಹೆಚ್ಚಾಯಿತೇ ಎಂದು ತಿಳಿಯಲು ಮರುದಿನವನ್ನು ನೋಡಿ. ಅರ್ಧ ಗಂಟೆಯಲ್ಲಿ ಆರುವ ನೋವು ತೊಂದರೆಯಿಲ್ಲ. ಆ ರಾತ್ರಿ ನಿದ್ದೆ ಕೆಟ್ಟರೆ ಅಥವಾ ಮಾರನೆಯ ಬೆಳಿಗ್ಗೆಯೂ ಮುಂಚಿಗಿಂತ ಹೆಚ್ಚು ನೋಯುತ್ತಿದ್ದರೆ ಬಲವನ್ನೂ ಸಂಖ್ಯೆಯನ್ನೂ ಅರ್ಧಕ್ಕಿಳಿಸಬೇಕು, ನಿಲ್ಲಿಸಬೇಕಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಆದ ನಂತರದ ಕೆಲವು ವಾರ ನೋವು ಇಳಿದಿರುವುದರಿಂದ ಫಿಸಿಯೋಥೆರಪಿಗೆ ಅದು ಒಳ್ಳೆಯ ಅವಕಾಶ. ಆ ವಾರಗಳನ್ನು ಸುಮ್ಮನೆ ಕಳೆಯಬಾರದು.

ಅರಿವಳಿಕೆಯಲ್ಲಿ ಹೆಗಲು ಬಿಡಿಸುವುದು, ಶಸ್ತ್ರಚಿಕಿತ್ಸೆ

ಬ್ರಿಟನ್ನಿನಲ್ಲಿ 503 ವಯಸ್ಕರನ್ನು ಸೇರಿಸಿಕೊಂಡು ನಡೆದು 2020ರಲ್ಲಿ ಪ್ರಕಟವಾದ ಯುಕೆ ಫ್ರಾಸ್ಟ್ ಪ್ರಯೋಗ ಮೂರು ದಾರಿಗಳನ್ನು ಹೋಲಿಸಿತು: ಅರಿವಳಿಕೆಯಲ್ಲಿ ಬಿಡಿಸುವುದು, ಸಣ್ಣ ರಂಧ್ರದಿಂದ ಒಳಗಿಳಿಸುವ ಕೀಲುದರ್ಶಕದ ನೆರವಿನಿಂದ ಚೀಲ ಕತ್ತರಿಸುವುದು, ಸ್ಟಿರಾಯ್ಡ್ ಇಂಜೆಕ್ಷನ್ ಜೊತೆಗಿನ ವ್ಯವಸ್ಥಿತ ಫಿಸಿಯೋಥೆರಪಿ. ಒಂದು ವರ್ಷದಲ್ಲಿ ಮೂರೂ ಗುಂಪಿನವರು ಸುಧಾರಿಸಿದ್ದರು, ಯಾವುದೂ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ. ಹಾಗಾಗಿ ನೋವು ಕಡಿಮೆಯಿರುವ ದಾರಿಯಿಂದ ಶುರುಮಾಡುವುದರಲ್ಲಿ ನಷ್ಟವಿಲ್ಲ.

ಆದರೂ ತಿಂಗಳುಗಟ್ಟಲೆ ಹಿಡಿತ ಬಿಡದ ಹೆಗಲಿಗೆ ಮೊದಲೆರಡು ದಾರಿಗಳು ಬೇಕಾಗುತ್ತವೆ. ಪ್ರಕ್ರಿಯೆಯ ಹೊತ್ತಿನಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಸಮಸ್ಯೆಯೆಲ್ಲ ಆಮೇಲಿನದು. ಕುತ್ತಿಗೆಯ ಪಕ್ಕದಲ್ಲಿ ಕೊಡುವ ಇಂಟರ್‌ಸ್ಕೇಲೀನ್ ಬ್ಲಾಕ್ ಇಡೀ ಹೆಗಲನ್ನು ಹತ್ತರಿಂದ ಹದಿನೆಂಟು ಗಂಟೆ ಮರಗಟ್ಟಿಸುತ್ತದೆ. ಅದರ ಜೊತೆಗೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಹೋಗುವ ನರವೂ ಮರಗಟ್ಟುವುದರಿಂದ ಆ ಕಡೆಯ ವಪೆ ಕೆಲಸ ನಿಲ್ಲಿಸುತ್ತದೆ. 20 ಮಿ.ಲೀ.ಯಷ್ಟು ಕೊಟ್ಟಾಗ ಹೆಚ್ಚುಕಡಿಮೆ ಎಲ್ಲರಲ್ಲೂ ಹೀಗಾಗುತ್ತದೆ, ಪ್ರಮಾಣ ಇಳಿಸಿದರೆ ಕಡಿಮೆಯಾಗುತ್ತದೆ. ಶ್ವಾಸಕೋಶ ಚೆನ್ನಾಗಿದ್ದವರಿಗೆ ಇದು ಅಷ್ಟಾಗಿ ಅರಿವಿಗೂ ಬಾರದು. ತೀವ್ರ ಉಸಿರಾಟದ ಕಾಯಿಲೆ ಇರುವವರಿಗೆ ಸುಪ್ರಾಸ್ಕಾಪ್ಯುಲರ್ ಬ್ಲಾಕ್ ಹೆಚ್ಚು ಸುರಕ್ಷಿತ. ಎರಡೂ ಕಡೆ ಒಟ್ಟಿಗೆ ಇಂಟರ್‌ಸ್ಕೇಲೀನ್ ಬ್ಲಾಕ್ ಕೊಡುವಂತಿಲ್ಲ. ಅದರಿಂದ ಆಗುವ ರೆಪ್ಪೆ ಜೋತುಬೀಳುವುದು, ದನಿ ಒಡೆಯುವುದು ಔಷಧಿ ಇಳಿದಂತೆ ಸರಿಹೋಗುತ್ತವೆ.

ಬ್ಲಾಕ್ ಇಳಿಯುವುದು ಹೆಚ್ಚಾಗಿ ನಡುರಾತ್ರಿ. ಏನೂ ನೋವಿಲ್ಲವೆಂದು ಮಾತ್ರೆ ತೆಗೆದುಕೊಳ್ಳದೆ ಮಲಗಿದವರು ಎರಡು ಗಂಟೆಗೆ ಒಮ್ಮೆಲೇ ಏರಿದ ನೋವಿಗೆ ಎಚ್ಚರಗೊಳ್ಳುತ್ತಾರೆ, ಆಮೇಲೆ ನುಂಗಿದ ಮಾತ್ರೆ ಅದನ್ನು ಹಿಡಿಯಲು ಪರದಾಡುತ್ತದೆ. ಆದ್ದರಿಂದ ಬೆರಳು ಇನ್ನೂ ಮರಗಟ್ಟಿರುವಾಗಲೇ ಪ್ಯಾರಾಸಿಟಮಾಲ್ ಮತ್ತು, ಸಲ್ಲುವವರಿಗೆ, ಉರಿಯೂತದ ಮಾತ್ರೆಯನ್ನು ಗಡಿಯಾರ ನೋಡಿ ಶುರುಮಾಡಬೇಕು, ಮಲಗುವ ಮುನ್ನದ ಡೋಸ್ ತಪ್ಪಿಸಬಾರದು. ಟ್ರಮಡಾಲ್‌ನಂತಹ ಬಲವಾದ ಮಾತ್ರೆ ಕೊಟ್ಟಿದ್ದರೆ ಅದನ್ನು ಮೊದಲೆರಡು ಮೂರು ದಿನಕ್ಕೆ, ಉಳಿದವು ಸಾಲದಾದಾಗ ಮಾತ್ರ. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕುಳಿತಂತೆ ಮಲಗಿ, ಮೊಣಕೈಯಡಿ ಇನ್ನೊಂದು ದಿಂಬು ಇಟ್ಟರೆ ತೋಳಿನ ಭಾರ ಚೀಲದ ಮೇಲೆ ಬೀಳುವುದಿಲ್ಲ. ಮರಗಟ್ಟಿದ ಕೈಗೆ ಬಿಸಿ ಪಾತ್ರೆ, ಬಿಸಿನೀರಿನ ಚೀಲ ತಾಗದಂತೆ ಮನೆಯವರು ನೋಡಿಕೊಳ್ಳಬೇಕು. ಸುಟ್ಟರೂ ರೋಗಿಗೆ ಗೊತ್ತಾಗದು.

ಹೆಗಲು ಬಿಡಿಸುವಾಗ ವೈದ್ಯರು ಹೆಗಲ ಹಲಗೆಯನ್ನು ಒತ್ತಿಹಿಡಿದು ತೋಳನ್ನು ಕೀಲಿಗೆ ಹತ್ತಿರದಲ್ಲೇ ಹಿಡಿಯುತ್ತಾರೆ, ತೋಳಿನ ಮೂಳೆ ಮುರಿಯದಿರಲಿ ಎಂದು. ಮೂಳೆ ಬಹಳ ಸವೆದವರಿಗೆ ಈ ದಾರಿ ತಕ್ಕದ್ದಲ್ಲ. ಗಳಿಸಿದ ಚಲನೆಯನ್ನು ಉಳಿಸಿಕೊಳ್ಳಲು ವ್ಯಾಯಾಮ ಅದೇ ದಿನ ಇಲ್ಲವೇ ಮರುದಿನ ಶುರುವಾಗಬೇಕು. ಬ್ಲಾಕ್ ಇರುವಾಗ ಚಿಕಿತ್ಸಕರು ಕೈಯನ್ನು ಮೆಲ್ಲಗೆ ಆಡಿಸಬಹುದು, ಆದರೆ ರೋಗಿ ತಾನಾಗಿ ಜಗ್ಗಿ ನೋಡುವುದು ಬೇಡ. ಎಚ್ಚರಿಸುವ ನೋವೇ ಅಲ್ಲಿಲ್ಲ.

ಯಾವ ಪ್ರಕ್ರಿಯೆಯ ನಂತರವೇ ಆಗಲಿ, ಇಳಿಯುತ್ತ ಬರಬೇಕಾದ ನೋವು ಮೂರನೇ ದಿನದ ಮೇಲೆ ಏರುತ್ತ ಹೋದರೆ, ಜ್ವರ ಬಂದರೆ, ಹೆಗಲು ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಅದನ್ನು ಸ್ಟಿರಾಯ್ಡ್‌ನ ಕೆರಳಿಕೆ ಎಂದು ಕಾಯುತ್ತ ಕೂರಬಾರದು. ಕೀಲಿನ ಸೋಂಕು ಅಪರೂಪ, ಆದರೆ ಅಂದೇ ನೋಡಬೇಕಾದದ್ದು. ಬ್ಲಾಕ್ ಕೊಟ್ಟ 24 ಗಂಟೆಯ ನಂತರವೂ ಕೈಯಲ್ಲಿ ಬಲ ಬಾರದಿದ್ದರೆ ಬ್ಲಾಕ್ ಕೊಟ್ಟ ವೈದ್ಯರಿಗೆ ಆ ದಿನವೇ ಫೋನ್ ಮಾಡಿ, ಕೊಟ್ಟ ಹೊತ್ತು ಮತ್ತು ಔಷಧಿಯ ಹೆಸರು ಹೇಳಿ.